ಭಾನುವಾರದ ಧಾರಾವಾಹಿ, ಹನ್ನೆರಡು ತಾಕು ಕಡಲೆಕಾಯಿ

ವೈ.ಎನ್.ಹೊಸಕೋಟೆಗೆ ಬಂದ ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆದು ನೋಡಿದರೆ ಇಡೀ ಬೀದಿ ಕೈಕಟ್ಟಿ ಕುಳಿತಿತ್ತು. ಯಾರೋ ತೀರಿಕೊಂಡಿರಬೇಕು ಎಂದುಕೊಂಡೆ. ಜುಲೈ ತಿಂಗಳು, ಹಿಂದಿನ ದಿನವಷ್ಟೇ ಹದವಾದ ಮಳೆ ಬಿದ್ದಿದೆ, ಬೀಜ ಸಿದ್ಧವಿದೆ, ಕೂರಿಗೆ ಗೋಡೆಗೆ ಒರಗಿದೆ. ಎತ್ತುಗಳು ಮಾತ್ರ ಮೈ ತೊಳೆಸಿಕೊಂಡು, ಹಣೆಗೆ ಕುಂಕುಮ ಇಡಿಸಿಕೊಂಡು ನೆಂಟರ ಮನೆಗೆ ಬಂದವರ ಹಾಗೆ ಮಲಗಿ ಮೆಲುಕು ಹಾಕುತ್ತಿವೆ. ನನಗೆ ಹೊಲ ಕೊಡಲು ಒಪ್ಪಿದ್ದ ಹನುಮಂತಪ್ಪ ಜಗಲಿಯ ಮೇಲೆ ಎಲೆಗೆ ಸುಣ್ಣ ಹಚ್ಚುತ್ತಿದ್ದರು.

“ಇವತ್ತು ಬಿತ್ತಲ್ವಾ?” ಎಂದೆ. ನನ್ನ ದನಿಯಲ್ಲಿ ಅಳು ಇತ್ತೆಂದು ಆಮೇಲೆ ಹೇಳಿದರು.

“ಇವತ್ತು ಸ್ವಾಮಾರ ಕಣಮ್ಮ. ಬಸವಣ್ಣನ ದಿನ. ಎತ್ತಿನ ಹೆಗಲ ಮ್ಯಾಲೆ ನೊಗ ಇಡಾಂಗಿಲ್ಲ.”

“ನಿನ್ನೆ ಭಾನುವಾರ ರಜೆ ಇತ್ತಲ್ಲ?”

“ಭಾನ್ವಾರ ಯಾವೋನ್ಗಮ್ಮಾ ರಜ? ನಿಮ್ಮ ಇಸ್ಕೂಲ್ನೋರ್ಗೆ.”

ಕುಂದಾಪುರದ ಕಡೆಯ ನಮಗೆ ಇದು ಗೊತ್ತೇ ಇಲ್ಲದ ಸಂಗತಿ. ನಮ್ಮಲ್ಲಿ ಭಾನುವಾರ ಎಂದರೆ ಭಾನುವಾರ. ಇಲ್ಲಿ ವಾರದ ಕೊನೆ ಎನ್ನುವುದು ಎತ್ತಿನದು. ಮನುಷ್ಯ ಅದರ ಹಿಂದೆ ಹೋಗುತ್ತಾನೆ. ಅಂದು ನಾನು ಬೀಜದ ಚೀಲವನ್ನು ಮತ್ತೆ ಕೋಣೆಗೆ ಹೊತ್ತು ತಂದು ಅದರ ಮೇಲೇ ಕುಳಿತು ಅಮ್ಮನಿಗೆ ಕಾಗದ ಬರೆದೆ.

ನಾನು ಯಾಕೆ ಇಲ್ಲಿಗೆ ಬಂದೆ ಎಂದು ಊರಿನ ನಿಮ್ಮಲ್ಲಿ ಕೇಳದವರಿಲ್ಲ, ಆದ್ದರಿಂದ ಒಮ್ಮೆಗೇ ಹೇಳಿಬಿಡುತ್ತೇನೆ. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದ ನನಗೆ ಬೆಂಗಳೂರಿನ ನಮ್ಮ ಪ್ರೊಫೆಸರರು ಕೊಟ್ಟ ವಿಷಯ ಕಡಲೆಕಾಯಿ ಗಿಡದ ತಿಕ್ಕಾ ರೋಗ. ಎಲೆಯ ಮೇಲೆ ಕಂದು ಚುಕ್ಕಿಗಳು ಎದ್ದು, ಎಲೆ ಉದುರಿ, ಕಾಯಿ ಸೊರಗುವ ರೋಗ. ಪಾವಗಡ ತಾಲ್ಲೂಕಿನಷ್ಟು ಕಡಲೆಕಾಯಿ ಬೇರೆಲ್ಲೂ ಸಿಗದು, ಹೋಗು ಎಂದರು. ಹನುಮಂತಪ್ಪನವರ ಹೊಲದ ಮೂಲೆಯಲ್ಲಿ ಹನ್ನೆರಡು ತಾಕು ಮಾಡಿದೆ. ತಾಕು ಎಂದರೆ ನಮ್ಮ ಮನೆಯ ಅಂಗಳದಷ್ಟು ಒಂದೊಂದು ತುಂಡು. ಕೆಲವಕ್ಕೆ ಔಷಧಿ, ಕೆಲವಕ್ಕೆ ಇಲ್ಲ. ಪ್ರತಿ ಮಂಗಳವಾರ ಎಲೆಯ ಚುಕ್ಕಿ ಎಣಿಸಬೇಕು. ಕೊನೆಗೆ ಹನ್ನೆರಡರ ಕಾಯಿಯನ್ನು ಬೇರೆ ಬೇರೆಯಾಗಿ ಕಿತ್ತು ತೂಗಬೇಕು. “ಎಲ್ಲಾ ತಪ್ಪು ಕ್ಷಮಿಸುತ್ತೇನೆ. ಆದರೆ ಕೀಳುವಾಗ ಒಂದರ ಗಿಡ ಇನ್ನೊಂದಕ್ಕೆ ಬೆರೆತರೆ ನಿನ್ನ ಒಂದು ವರ್ಷ ಮಣ್ಣುಪಾಲು,” ಎಂದು ಪ್ರೊಫೆಸರರು ಬಸ್‌ ನಿಲ್ದಾಣದವರೆಗೂ ಬಂದು ಹೇಳಿಹೋಗಿದ್ದರು. ತಾಕಿಗೊಂದು ಮರದ ಗೂಟ ನೆಟ್ಟು, ಅದಕ್ಕೆ ಬಿಳಿ ಬಣ್ಣದಲ್ಲಿ ನಂಬರು ಬರೆದೆ.

ನಮ್ಮಲ್ಲಿ ಇದು ನೆಲಗಡಲೆ. ಭತ್ತ ಕೊಯ್ದ ಮೇಲೆ ಮರಳುಗದ್ದೆಯಲ್ಲಿ ಹಾಕಿ, ಬೇಸಗೆಯಲ್ಲಿ ಕೀಳುವ ಎರಡನೆಯ ಬೆಳೆ, ಬಂದರೆ ಬಂತು. ಇಲ್ಲಿ ಅದೇ ಮೊದಲು, ಅದೇ ಕೊನೆ. ಕನ್ನಡದವರು ಕಡ್ಲೆಕಾಯಿ ಎಂದರೆ ತೆಲುಗಿನವರು ಸೆನಕ್ಕಾಯಿ ಎನ್ನುತ್ತಾರೆ. ಕನ್ನಡದವರು ಯಾರು, ತೆಲುಗಿನವರು ಯಾರು ಎಂದು ತಿಳಿಯಲು ನನಗೆ ಒಂದು ತಿಂಗಳು ಹಿಡಿಯಿತು, ಏಕೆಂದರೆ ಒಂದೇ ವಾಕ್ಯ ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಮನೆ ಸೇರುತ್ತದೆ. ಹನುಮಂತಪ್ಪನವರ ಹೆಂಡತಿ ಓಬಳಮ್ಮ ನನ್ನನ್ನು ಮೊದಲ ದಿನದಿಂದಲೇ ಅಮ್ಮಾಯಿ ಎಂದು ಕರೆದರು. ತೆಲುಗಿನಲ್ಲಿ ಹಾಗೆಂದರೆ ಹುಡುಗಿ. ಇಪ್ಪತ್ನಾಲ್ಕು ವರ್ಷದ ಸಂಶೋಧಕಿಗೆ ಅದು ಇಷ್ಟವಾಗಲಿಲ್ಲ. ಆಮೇಲೆ ಬೇರೆ ಯಾವ ಹೆಸರೂ ಇಷ್ಟವಾಗಲಿಲ್ಲ.

ಊಟದ ವಿಷಯದಲ್ಲಿ ನಾನು ಕೆಟ್ಟ ವಿದ್ಯಾರ್ಥಿನಿ. ಕುಚ್ಚಲಕ್ಕಿ ಗಂಜಿ ಉಂಡ ಬಾಯಿ ಮುದ್ದೆಯನ್ನು ಅಗಿಯಲು ಹೋಯಿತು. ಅಗಿದಷ್ಟೂ ಹಲ್ಲಿಗೆ ಅಂಟಿತು. ಓಬಳಮ್ಮ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. “ಅದನ್ನ ಅಗೀಬ್ಯಾಡ ಕಣಮ್ಮ, ಸಾರಿಗೆ ಅದ್ದಿ ಬುಟ್ಬುಡು, ಅದರ ದಾರಿ ಅದಕ್ಕೆ ಗೊತ್ತು.” ನಿಜ, ಗೊತ್ತಿತ್ತು. ಎರಡು ವಾರದಲ್ಲಿ ಹುರುಳಿ ಸಾರಿನಲ್ಲಿ ಮುದ್ದೆ ನುಂಗಿ, ಆ ಗೆಲುವನ್ನು ಊರಿಗೆ ಕಾರ್ಡಿನಲ್ಲಿ ಬರೆದು ತಿಳಿಸಿದೆ. ಗೆಲ್ಲಲಾಗದ್ದು ಒಂಟಿತನವನ್ನು. ಇಲ್ಲಿ ಎತ್ತ ನೋಡಿದರೂ ಬಯಲು, ಬಂಡೆ, ಅದರಾಚೆ ಆಕಾಶ. ನಮ್ಮಲ್ಲಿ ಮನೆಯೊಳಗಿದ್ದರೂ ಕೇಳುವ ಕಡಲಿನ ಸದ್ದು ಇಲ್ಲಿಲ್ಲ. ಶನಿವಾರ ಬಂದರೆ ನನಗೆ ಎದೆ ಭಾರವಾಗುತ್ತಿತ್ತು.

ಆಗ ಸಿಕ್ಕಿದ್ದು ಮಧುಗಿರಿ ಮತ್ತು ಸರೋಜಮ್ಮ ಟೀಚರ ಟೀವಿ!

ಸರೋಜಮ್ಮ ನಮ್ಮ ಪ್ರೊಫೆಸರರ ಚಿಕ್ಕಮ್ಮ. ಹೈಸ್ಕೂಲಿನಲ್ಲಿ ಹಿಂದಿ ಕಲಿಸಿ ನಿವೃತ್ತರಾದವರು, ಒಬ್ಬರೇ ಇದ್ದರು. “ವಾರಕ್ಕೊಮ್ಮೆ ಬಂದು ಹೋಗಮ್ಮ, ನನಗೂ ಮಾತಿಗೆ ಜನ ಬೇಕು,” ಎಂದು ಕಾಗದ ಹಾಕಿದರು. ಶನಿವಾರ ಮಧ್ಯಾಹ್ನ ಪಾವಗಡಕ್ಕೊಂದು ಬಸ್ಸು, ಅಲ್ಲಿಂದ ಮಧುಗಿರಿಗೆ ಇನ್ನೊಂದು. ದಾರಿಯಲ್ಲಿ ಸ್ವಲ್ಪ ಹೊತ್ತು ಅಂಗಡಿಯ ಬೋರ್ಡುಗಳು ತೆಲುಗಾಗಿ ಮತ್ತೆ ಕನ್ನಡವಾಗುತ್ತವೆ. ಬೆಟ್ಟ ಕಂಡಿತು ಎಂದರೆ ಮಧುಗಿರಿ ಬಂತು. ಒಂದೇ ಬಂಡೆಯ ಆ ಬೆಟ್ಟವನ್ನು ನೋಡಲು ದೂರದೂರಿಂದ ಜನ ಬರುತ್ತಾರಂತೆ. ನನಗೆ ಅದು ಟೀವಿ ಹತ್ತಿರವಾಯಿತು ಎಂಬ ಗುರುತು, ಅಷ್ಟೇ.

ಕುಂದಾಪುರಕ್ಕೆ ಟೀವಿ ಇನ್ನೂ ಸರಿಯಾಗಿ ಬಂದಿಲ್ಲವಾದ್ದರಿಂದ ಸ್ವಲ್ಪ ಕೊಚ್ಚಿಕೊಳ್ಳುತ್ತೇನೆ, ಹೊಟ್ಟೆಕಿಚ್ಚು ಪಡಬೇಡಿ. ನಾಲ್ಕು ಕಾಲಿನ ಮರದ ಪೆಟ್ಟಿಗೆ. ಎರಡು ಕಡೆ ಸರಿಯುವ ಬಾಗಿಲು, ಅದಕ್ಕೆ ಬೀಗ, ಬೀಗದ ಕೈ ಟೀಚರ ಸೊಂಟದಲ್ಲಿ. ಮೇಲೆ ಕಸೂತಿ ಹಾಕಿದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಗುಲಾಬಿ. ಮಾಡಿನ ಮೇಲೆ ಎತ್ತರದ ಪೈಪಿಗೆ ಕಟ್ಟಿದ ಆಂಟೆನಾ. ಚಿತ್ರ ನಡುಗಿದರೆ ಬೀದಿಯಲ್ಲೆಲ್ಲ ಎತ್ತರದವಳಾದ ನಾನೇ ಮಾಡು ಹತ್ತಿ ಪೈಪು ತಿರುಗಿಸಬೇಕು.

“ಬಂತಾ ಟೀಚರ್?”

“ಬಂತು, ಬಂತು... ಹೋಯ್ತು! ಇನ್ನೊಂಚೂರು ಬೆಂಗಳೂರ ಕಡೆ!”

ಬೆಂಗಳೂರು ಯಾವ ಕಡೆ ಎಂದು ಮಧುಗಿರಿಯಲ್ಲಿ ನನ್ನಷ್ಟು ಖಚಿತವಾಗಿ ತಿಳಿದವರು ಇರಲಿಲ್ಲ.

ಶನಿವಾರ ಸಂಜೆ ಕನ್ನಡ ಸಿನಿಮಾ. ಭಾನುವಾರ ಸಂಜೆ ಹಿಂದಿ ಸಿನಿಮಾ. ಅದಕ್ಕೂ ಮೊದಲು ರೈತರ ಕಾರ್ಯಕ್ರಮ, ಅದರಲ್ಲೊಮ್ಮೆ ಕಡಲೆಕಾಯಿ ಎಲೆ ತೋರಿಸಿದಾಗ ಟೀಚರು, “ಏ, ನಿನ್ನ ಚುಕ್ಕಿ ಕಾಯಿಲೆ ಬಂತು ಬಾರೇ!” ಎಂದು ಕೂಗಿದರು. ಅಡುಗೆಮನೆಯಿಂದ ಓಡಿ ಬಂದು, ನೆಂಟರನ್ನು ಕಂಡಷ್ಟು ಹಿಗ್ಗಿದೆ. ಏನೂ ಇಲ್ಲದಾಗ ಬರುವ ಗೆರೆಗಳ ಚಿತ್ರವನ್ನೂ ನಾನು ನೋಡುತ್ತಾ ಕುಳಿತಿರುತ್ತಿದ್ದೆ. “ಅಡಚಣೆಗಾಗಿ ವಿಷಾದಿಸುತ್ತೇವೆ” ಎಂಬ ಫಲಕ ಬಂದರೆ ಕೂಡ ಬೇಸರವಿಲ್ಲ. ನೆರೆಮನೆಯವರೊಡನೆ ಹರಟೆಗೆ ಅದೇ ಸಮಯ. ಹಾಲು, ತರಕಾರಿ, ಗೊರವನಹಳ್ಳಿಯ ಲಕ್ಷ್ಮಿಗೆ ಹರಕೆ, ಎಲ್ಲವೂ ಆ ಫಲಕದ ಕೆಳಗೇ ಇತ್ಯರ್ಥವಾಗುತ್ತಿದ್ದವು.

ಇವೆಲ್ಲಕ್ಕಿಂತ ನನಗೆ ಪ್ರಾಣವಾಗಿದ್ದು ಭಾನುವಾರ ಬೆಳಗಿನ ಹಿಂದಿ ಧಾರಾವಾಹಿ. ಒಂದು ಕೂಡುಕುಟುಂಬದ ಕಥೆ. ಮನೆ ತುಂಬ ಜನ: ತಾತ, ಗಯ್ಯಾಳಿ ಅತ್ತೆ, ಬಾಯಿ ಸತ್ತ ಮಾವ, ದೊಡ್ಡ ಸೊಸೆ, ಚಿಕ್ಕ ಸೊಸೆ, ಕುಡುಕ ಮೈದುನ, ಗಂಡನ ಮನೆ ಬಿಟ್ಟು ಬಂದ ಮಗಳು, ಇನ್ನೂ ಐದಾರು ಮಂದಿ. ವಾರಕ್ಕೆ ಅರ್ಧ ಗಂಟೆ. ಆ ಅರ್ಧ ಗಂಟೆಗಾಗಿ ನಾನು ಚುಕ್ಕಿಗಿಂತ ಹೆಚ್ಚು ದಿನ ಎಣಿಸುತ್ತಿದ್ದೆ ಎಂದರೆ ಪ್ರೊಫೆಸರರು ಬೇಸರಪಡಬಾರದು.

ಮಂಗಳವಾರ ಹೊಲದಲ್ಲಿ ಕುಕ್ಕರುಗಾಲಲ್ಲಿ ಕುಳಿತು ಎಲೆ ನೋಡುವಾಗ ಪಕ್ಕದ ಸಾಲಿನಲ್ಲಿ ಓಬಳಮ್ಮ, ಅವರ ಓರಗಿತ್ತಿ ಮಾರಕ್ಕ, ಇನ್ನೂ ಮೂರು ನಾಲ್ಕು ಹೆಂಗಸರು ಕಳೆ ಕೀಳುತ್ತಿದ್ದರು. ಒಂದು ದಿನ ಸುಮ್ಮನಿರಲಾರದೆ ಆ ವಾರದ ಕಥೆ ಹೇಳಿದೆ. ಮುಂದಿನ ಮಂಗಳವಾರ ಮಾರಕ್ಕ ಕುಡುಗೋಲು ಕೆಳಗಿಟ್ಟು, “ಆಮೇಲೆ ಅವಳ ಒಡವೆ ಯಾರ್ ತಗಂಡಿದ್ರು?” ಎಂದು ಕೇಳಿದರು. ಅಲ್ಲಿಂದ ನಾನೇ ಹೊಸಕೋಟೆಯ ಟೀವಿ. ಹಿಂದಿಯಿಂದ ಕನ್ನಡಕ್ಕೆ ನಾನು ತಂದದ್ದನ್ನು ಓಬಳಮ್ಮ ಅಲ್ಲಲ್ಲಿ ತೆಲುಗಿಗೆ ಇಳಿಸುತ್ತಿದ್ದರು, ಇಳಿಸುವಾಗ ಅತ್ತೆಗೆ ತಮ್ಮದೂ ಎರಡು ಬೈಗುಳ ಸೇರಿಸುತ್ತಿದ್ದರು. ಕಥೆ ನಡೆಯುವಾಗ ನಾನು ಒಂದನೇ ತಾಕಿನಿಂದ ಹನ್ನೆರಡರವರೆಗೆ ಸಾಗುತ್ತಿದ್ದೆ; ಅವರೂ ಜೊತೆಗೇ ಸಾಗುತ್ತಿದ್ದರು.

ಹೊಸ ಊರಿನಲ್ಲಿ ಪೂರ್ತಿ ಗೊತ್ತಿಲ್ಲದ್ದಕ್ಕಿಂತ ಅರ್ಧ ಗೊತ್ತಿರುವುದು ಅಪಾಯ. ಸೋಮವಾರ ಇಲ್ಲಿ ರಜೆ ಎಂಬುದನ್ನು ನಾನು ಚೆನ್ನಾಗಿ ಕಲಿತಿದ್ದೆನಲ್ಲ, ಸೆಪ್ಟೆಂಬರಿನಿಂದ ಅದರ ಪೂರ್ಣ ಲಾಭ ಪಡೆಯತೊಡಗಿದೆ. ಸೋಮವಾರ ಬೆಳಿಗ್ಗೆ ವಾಪಸಾಗುವ ಬದಲು ಆ ದಿನವೂ ಮಧುಗಿರಿಯಲ್ಲೇ ಉಳಿದು, ಸಂಜೆಯ ಕನ್ನಡ ನಾಟಕ ನೋಡಿ, ಮಂಗಳವಾರದ ಮೊದಲ ಬಸ್ಸಿಗೆ ಹೊರಡುವುದು. ಊರವರಿಗೇ ಕೆಲಸವಿಲ್ಲದ ದಿನ ನನಗೇನು ಕೆಲಸ? ಭಾನುವಾರ ನಗರದ ರಜೆ, ಸೋಮವಾರ ಬಸವಣ್ಣನ ರಜೆ. ಎರಡೂ ಊರಿನ ಸುಖ ಒಬ್ಬಳಿಗೇ!

ನವೆಂಬರಿಗೆ ಕಾಯಿ ಬಲಿತಿತ್ತು, ಆದರೆ ನೆಲ ಕಲ್ಲಾಗಿತ್ತು. ಒಣನೆಲದಲ್ಲಿ ಗಿಡ ಕಿತ್ತರೆ ಕಾಯಿ ಮಣ್ಣಿನಲ್ಲೇ ಉಳಿಯುತ್ತದೆ. ಒಂದು ಮಳೆ ಬರಲಿ ಎಂದು ಎಲ್ಲರೂ ಕಾಯುತ್ತಿದ್ದರು. ಮಳೆ ಬಂದದ್ದು ಶನಿವಾರ ಸಂಜೆ, ನಾನು ಮಧುಗಿರಿಯಲ್ಲಿದ್ದಾಗ. ಹಿಂದೆಮುಂದೆ ಲೆಕ್ಕ ಹಾಕಿದೆ. ಭಾನುವಾರ ಹೊಲ ಕೆಸರು, ಕಾಲಿಡಲಾಗದು. ಸೋಮವಾರ ರಜೆ. ಮಂಗಳವಾರ ಕೀಳುತ್ತಾರೆ, ಅಷ್ಟರಲ್ಲಿ ನಾನಿರುತ್ತೇನೆ. ಟೀಚರು ಹುರಿದ ಅವಲಕ್ಕಿ ತಿನ್ನುತ್ತ ಎಲ್ಲವನ್ನೂ ನೋಡಿದೆ, ನಾಟಕದವರೆಗೆ.

ಮಂಗಳವಾರ ಬಸ್ಸಿಳಿದು ನೇರ ಹೊಲಕ್ಕೆ ನಡೆದೆ. ಹೊಲ ಬೋಳಾಗಿತ್ತು. ಒಂದು ಗಿಡವಿಲ್ಲ. ನನ್ನ ಹನ್ನೆರಡು ಗೂಟಗಳನ್ನು ಯಾರೋ ಕಿತ್ತು, ಸೌದೆಯಂತೆ ಒಟ್ಟಿ ಬದುವಿನ ಮೇಲೆ ಇಟ್ಟಿದ್ದರು. ಕಣದಲ್ಲಿ ಹನುಮಂತಪ್ಪನವರ ಬಳ್ಳಿಯ ರಾಶಿ ಮನೆಯೆತ್ತರ ನಿಂತಿತ್ತು. ಅದರೊಳಗೆ ನನ್ನ ವರ್ಷ ಎಲ್ಲಿದೆ ಎಂದು ಯಾರಾದರೂ ಹೇಗೆ ಹುಡುಕಿಯಾರು?

“ಸೋಮವಾರ ಯಾರೂ ಕೆಲಸ ಮಾಡಲ್ಲ ಅಂದಿದ್ರಲ್ಲಾ!” ಎಂದು ಹನುಮಂತಪ್ಪನವರ ಮೇಲೆ ಕೂಗಿದೆ. ನಾಚಿಕೆಯಾಗುತ್ತದೆ, ಆದರೆ ಕೂಗಿದ್ದು ನಿಜ.

ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. “ಅಂಗಂತ ಯಾವಾಗಂದೆ? ಎತ್ತು ಕಟ್ಟಾಂಗಿಲ್ಲ ಅಂದೆ. ಕಾಯಿ ಕೀಳಾಕೆ ಎತ್ತು ಯಾಕಮ್ಮ ಬೇಕು? ಕೈಗೆ ಸ್ವಾಮಾರ ಐತಾ? ನೆಲ ಇನ್ನೊಂದಿನ ಬುಟ್ರೆ ಮತ್ತೆ ಬಿಗಿಯಾಗ್ತಿತ್ತು.”

ನಾನು ಬದುವಿನ ಮೇಲೆ ಕುಸಿದು ಜೋರಾಗಿ ಅತ್ತೆ. ಮಾವಿನಹಣ್ಣಿಗೆ ಹಟ ಮಾಡುವ ಮಗುವಿನ ಹಾಗೆ ಅತ್ತೆ. ಅಷ್ಟರಲ್ಲಿ ಓಬಳಮ್ಮ ಬಂದರು. “ಯಾಕಮ್ಮಾಯಿ, ಊರಿಂದ ಏನಾರ ಸುದ್ದಿ ಬಂತಾ?” ಎಂದು ಗಾಬರಿಯಿಂದ ಕೇಳಿದರು. ಬಿಕ್ಕುತ್ತಾ ಗೂಟಗಳನ್ನು ತೋರಿಸಿದೆ.

“ಓ, ಅವಾ? ಕಾಲಿಗೆ ಚುಚ್ತಿದ್ವು, ಕಿತ್ತಾಕ್ದೆ. ಏಳು, ರಾ,” ಎಂದು ಕೈ ಹಿಡಿದು ಎಬ್ಬಿಸಿ ಮನೆಯ ಹಿತ್ತಿಲಿಗೆ ಎಳೆದುಕೊಂಡು ಹೋದರು.

ಹಿತ್ತಿಲ ಗೋಡೆಯುದ್ದಕ್ಕೂ ಚಿಕ್ಕ ಚಿಕ್ಕ ರಾಶಿಗಳು. ಒಂದೊಂದಕ್ಕೂ ನಡುವೆ ಒಂದೊಂದು ಮೊಳ ಜಾಗ. ಬಳ್ಳಿ ಸಮೇತ, ಕಾಯಿ ಬಿಡಿಸದೆ ಒಟ್ಟಿದ್ದರು. ಓಬಳಮ್ಮ ಮೊದಲ ರಾಶಿಯ ಮುಂದೆ ನಿಂತು, “ಇದು ತಾತ,” ಎಂದರು. ನನಗೆ ಅರ್ಥವಾಗಲಿಲ್ಲ. ಎರಡನೆಯದರ ಮುಂದೆ, “ಇವಳು ದೊಡ್ಡ ಸೊಸೆ. ಇದು ಆ ಕುಡ್ಕ ಮೈದ. ಇವಳು ಗಂಡನ್ನ ಬುಟ್ಟು ಬಂದೋಳು, ಪಾಪ. ಇದು ಮಾವ.”

ಹೆಂಗಸರು ನನ್ನ ತಾಕುಗಳಿಗೆ ಧಾರಾವಾಹಿಯವರ ಹೆಸರಿಟ್ಟಿದ್ದರು! ನಂಬರು ಓದಲು ಬಾರದವರು, ಎಲೆಯ ರೂಪ ನೋಡಿ, ಕಥೆ ಕೇಳುತ್ತಾ ಕೇಳುತ್ತಾ, ಒಂದೊಂದು ತಾಕಿಗೆ ಒಬ್ಬೊಬ್ಬರನ್ನು ಕೂರಿಸಿದ್ದರು. ಹಸಿರಾಗಿ ನಳನಳಿಸುತ್ತಿದ್ದದ್ದು ಚಿಕ್ಕ ಸೊಸೆ. ಬೆಳೆಯದೆ ಮುದುಡಿಕೊಂಡಿದ್ದದ್ದು ಮಾವ. ಮಂಗಳವಾರ ಅವರು ತಮ್ಮೊಳಗೇ “ಇವತ್ತು ಸೊಸೆ ಮಕ ಬಾಡೈತೆ” ಎಂದು ಆಡುತ್ತಿದ್ದದ್ದನ್ನು ನಾನು ಕಥೆಯ ಮಾತೆಂದೇ ತಿಳಿದಿದ್ದೆ. ಸೋಮವಾರ ಕೀಳುವಾಗ ಓಬಳಮ್ಮ ಎದುರು ನಿಂತು, ಒಬ್ಬರಿಗೊಬ್ಬರು ಬೆರೆಯದಂತೆ ಹೊರಿಸಿ ತಂದಿದ್ದರು. “ನೀನು ಅದಕ್ಕೇ ಅಲ್ವಾ ಮೂರ್ನಾಲ್ಕು ತಿಂಗ್ಳು ಎಲೆ ಮುಂದೆ ಕುಕ್ಕರಿಸಿದ್ದು? ಬೆರೆಸಾಕಾಯ್ತದಾ?”

ನಾನು ನೋಟ್‌ಬುಕ್ ತೆರೆದು, ಅವರನ್ನು ಬರಿಹೊಲಕ್ಕೆ ಕರೆದೊಯ್ದು, ಯಾರು ಎಲ್ಲಿದ್ದರು ಎಂದು ಕೇಳಿದೆ. ತಡವರಿಸದೆ ತೋರಿಸಿದರು. ದೊಡ್ಡ ಸೊಸೆ ಬದುವಿನ ತಾವ, ತಾತ ಹುಣಸೆ ಮರದ ಕಡೆ, ಕುಡುಕ ಮೈದುನ ದಾರಿಯ ಪಕ್ಕ. ನನ್ನ ನಕ್ಷೆಗೂ ಅವರ ಬೆರಳಿಗೂ ಒಂದು ಅಡಿ ವ್ಯತ್ಯಾಸವಿರಲಿಲ್ಲ. ಅವರನ್ನು ತಬ್ಬಿಕೊಂಡು ಕುಣಿದೆ. ಹನುಮಂತಪ್ಪ ಮುಖ ತಿರುಗಿಸಿ ಎಲೆಅಡಿಕೆ ಚೀಲ ಹುಡುಕಿದರು.

ಕುಣಿದು ಮುಗಿದ ಮೇಲೆ ರಾಶಿ ಎಣಿಸಿದೆ. ಹನ್ನೊಂದು. ಇನ್ನೊಮ್ಮೆ ಎಣಿಸಿದೆ, ಹನ್ನೊಂದೇ.

“ಅತ್ತೆ ಎಲ್ಲಿ?” ಎಂದೆ.

ಮಾರಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಓಬಳಮ್ಮ ಮಾತ್ರ ನೇರ ನನ್ನ ಮುಖ ನೋಡಿ ಹೇಳಿದರು: “ತಿಂದ್ಬುಟ್ವಿ.”

ಕೀಳುವ ದಿನ ಹೊಲದಲ್ಲೇ ಹಸಿಕಾಯಿ ಬೇಯಿಸಿ ಕೆಲಸದವರಿಗೆಲ್ಲ ಹಂಚುವುದು ಇಲ್ಲಿಯ ಪದ್ಧತಿ. ಯಾರ ಸಾಲಿನಿಂದ ಎಂಬ ಪ್ರಶ್ನೆ ಬಂದಾಗ ಯಾರೂ ಎರಡನೇ ಮಾತು ಆಡಲಿಲ್ಲವಂತೆ. ಆ ಮನೆಯಲ್ಲಿ ಸೊಸೆಯಂದಿರನ್ನು ಅಷ್ಟು ಗೋಳುಹೊಯ್ದವಳನ್ನು ಬಿಟ್ಟು ಇನ್ಯಾರನ್ನು ಬೇಯಿಸುವುದು? “ಎಲೆ ಎಲ್ಲಾ ಉದ್ರಿ ಬರಿ ಕಡ್ಡಿ ಆಗಿತ್ತು. ಕಾಯೂ ಅಷ್ಟ್ರಲ್ಲೇ ಇತ್ತು ಬುಡು,” ಎಂದರು ಮಾರಕ್ಕ.

ಔಷಧಿ ಹೊಡೆಯದ, ರೋಗ ಅತಿ ಹೆಚ್ಚಾದ ತಾಕು ಅದು. ಪ್ರೊಫೆಸರರಿಗೆ ನಡೆದದ್ದೆಲ್ಲ ಬರೆದೆ. ಸುಳ್ಳು ಬರೆಯುವ ಆಸೆಯಾಗಿತ್ತು, ಆದರೆ ಇಲಿ ತಿಂದಿತು ಎನ್ನಲು ಓಬಳಮ್ಮನ ಮುಖ ಅಡ್ಡ ಬಂತು. ಅವರ ಉತ್ತರ ಎರಡೇ ಸಾಲು: “ಒಂದು ತಾಕು ಹೋದರೆ ಲೆಕ್ಕದಲ್ಲಿ ಸರಿದೂಗಿಸುವ ದಾರಿಯಿದೆ. ಹನ್ನೊಂದನ್ನು ಉಳಿಸಿದ ಹೆಂಗಸಿಗೆ ನನ್ನ ನಮಸ್ಕಾರ ಹೇಳು.”

ಇಲ್ಲಿಗೆ ಎಲ್ಲ ಸುಖಾಂತ್ಯ ಎನ್ನಬಹುದಿತ್ತು, ಆದರೆ ನಾನು ಇನ್ನೊಂದು ತಪ್ಪು ಮಾಡಿದೆ. ಕಾಯಿ ಕಿತ್ತ ವಾರದ ಭಾನುವಾರವೇ ಧಾರಾವಾಹಿಯ ಕೊನೆಯ ಕಂತು. ನಾನು ಮಧುಗಿರಿಗೆ ಹೋಗಲಿಲ್ಲ. ಹಿತ್ತಿಲಲ್ಲಿ ಒಣಗುತ್ತಿದ್ದ ಹನ್ನೊಂದು ರಾಶಿಗಳ ಮುಂದೆ ಶನಿವಾರ, ಭಾನುವಾರ, ಸೋಮವಾರ ಮೂರೂ ದಿನ ಕೋಲು ಹಿಡಿದು ಕುಳಿತೆ. ಮಂಗಳವಾರ ಹೆಂಗಸರೆಲ್ಲ ಕಾಯಿ ಬಿಡಿಸಲು ಸುತ್ತ ಕುಳಿತು ನನ್ನ ಬಾಯಿಯನ್ನೇ ನೋಡಿದರು.

“ನಾನು ನೋಡ್ಲಿಲ್ಲ. ಇಲ್ಲೇ ಇದ್ದೆನಲ್ಲ, ಕಾಯಿ ಕಾಯ್ತಾ,” ಎಂದೆ.

ಓಬಳಮ್ಮನ ಕೈ ನಿಂತಿತು. “ಯಾಕೆ? ನಾವು ಕಾಯಾಕಿಲ್ವಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ನಾಲ್ಕು ತಿಂಗಳು ಅವರ ಮನೆಯ ಸಾರು ಉಂಡು, ಅವರೇ ಉಳಿಸಿಕೊಟ್ಟ ರಾಶಿಯ ಮುಂದೆ ಅವರನ್ನೇ ನಂಬದೆ ಕೋಲು ಹಿಡಿದು ಕುಳಿತಿದ್ದೆ. ನನ್ನ ಕಿವಿ ಬಿಸಿಯಾಯಿತು.

“ತಪ್ಪಾಯ್ತು ಓಬಳಮ್ಮ. ಈಗ ಹೆಂಗೆ ಮುಗಿಸೋದು, ನೀವೇ ಹೇಳಿ,” ಎಂದೆ.

ಮೊದಲು ಮಾರಕ್ಕ, “ದೊಡ್ಡ ಸೊಸೆ ಬ್ಯಾರೆ ಹೋಗ್ಬಾರ್ದು,” ಎಂದರು. ಇನ್ನೊಬ್ಬರು, “ಆ ಬುಟ್ಟು ಬಂದೋಳು ತಿರಗ ಗಂಡನ ಮನೆಗೆ ಹೋಗ್ಬಾರ್ದು,” ಎಂದರು. ಅತ್ತೆಯನ್ನು ಏನು ಮಾಡುವುದು ಎಂಬುದರ ಮೇಲೆ ಮಧ್ಯಾಹ್ನದವರೆಗೆ ವಾದ ನಡೆಯಿತು. ಕೊನೆಗೆ ತೀರ್ಪು ಓಬಳಮ್ಮನದು: “ಅವಳ್ನ ಇಲ್ಲಿಗೆ ಕಳ್ಸು. ಎಂಟು ದಿನ ನಮ್ ಜೊತೆ ಕಾಯಿ ಬುಡಿಸ್ಲಿ. ಕೈ ನೋವು ಅಂದ್ರೆ ಏನು ಅಂತ ಗೊತ್ತಾದ್ರೆ ತಾನಾಗೇ ಸರಿ ಹೋಗ್ತಾಳೆ.” ಎಲ್ಲರೂ ಒಪ್ಪಿದರು. ಬುಟ್ಟಿಗಳು ಬೇಗ ಬೇಗ ತುಂಬಿದವು.

ಟೀವಿಯಲ್ಲಿ ನಿಜವಾಗಿ ಆದದ್ದೇನೆಂದು ಸರೋಜಮ್ಮ ಟೀಚರು ಆಮೇಲೆ ಹೇಳಿದರು. ಮನೆ ಒಡೆಯುತ್ತದೆ, ದೊಡ್ಡ ಸೊಸೆ ಬೇರೆ ಹೋಗುತ್ತಾಳೆ, ಬಿಟ್ಟು ಬಂದ ಮಗಳು ಗಂಡನ ಮನೆಗೆ ಮರಳುತ್ತಾಳೆ, ಅತ್ತೆ ಕಿಟಕಿಯ ಬಳಿ ನಿಂತು ಕಣ್ಣೀರು ಹಾಕುತ್ತಾಳೆ. ಚೆನ್ನಾಗಿತ್ತಂತೆ.

ಡಿಸೆಂಬರಿನಲ್ಲಿ ಊರಿಗೆ ಬಂದಾಗ ಜಗಲಿಯಲ್ಲಿ ಎಲ್ಲರೂ ಕಥೆ ಹೇಳು ಎಂದು ಮುತ್ತಿಕೊಂಡಿರಿ. ಅತ್ತೆ ಹೊಸಕೋಟೆಗೆ ಬಂದು ಕಾಯಿ ಬಿಡಿಸಿದ್ದನ್ನು ಹೇಳುತ್ತಿದ್ದಂತೆ, ಬೆಂಗಳೂರಿನಿಂದ ಬಂದಿದ್ದ ನನ್ನ ಚಿಕ್ಕಪ್ಪನ ಮಗಳು ಎದ್ದು ನಿಂತಳು. “ಹಂಗಲ್ಲ ಮಾರಾಯ್ತಿ! ನಾ ಕಣ್ಣಾರೆ ಕಂಡಿದೆ, ಅವ್ಳು ಕಿಟ್ಕಿ ಹತ್ರ ನಿಂತ್ಕಂಡು ಮರ್ಕುದು!” ನಾನೂ ಬಿಡಲಿಲ್ಲ. ಓಬಳಮ್ಮನ ಪರವಾಗಿ ಗಂಟಲು ಹರಿಯುವಷ್ಟು ವಾದಿಸಿದೆ, ವಾದಿಸುವಾಗ ನನ್ನ ಬಾಯಲ್ಲಿ ಕಣಮ್ಮ, ಬುಡು ಎಂದೆಲ್ಲ ಬಂದು ನೀವು ಬಿದ್ದು ಬಿದ್ದು ನಕ್ಕಿರಿ. ಅಮ್ಮ ಮಾತ್ರ ನಗದೆ ನನ್ನನ್ನು ನೋಡಿದರು.

ಈಗ ಮತ್ತೆ ಜುಲೈ, ಎರಡನೆಯ ಬಿತ್ತನೆ ಮುಗಿದಿದೆ. ಓಬಳಮ್ಮ ಒಮ್ಮೊಮ್ಮೆ ಕೇಳುತ್ತಾರೆ: “ಅಮ್ಮಾಯಿ, ಟೀವಿಯಾಗೂ ಅಂಗೇ ಮುಗೀತಾ?” ನಾನು ಹೂಂ ಎನ್ನುತ್ತೇನೆ. ಊರಿನಲ್ಲಿ ನೀವೆಲ್ಲ ನನ್ನನ್ನು ಸುಳ್ಳಿ ಎನ್ನುತ್ತೀರಿ. ಹೊಸಕೋಟೆಯವರಿಗೆ ಇನ್ನೂ ಗೊತ್ತಾಗಿಲ್ಲ.